ಬ್ರಿಜ್ ಇಸ್ಪೀಟಾಟದಲ್ಲಿ ಒಂದು ಸೂಟ್‌ನಲ್ಲಿ (ಒಂದೇ ಜಾತಿಯ ಎಲೆಗಳಲ್ಲಿ) ರಾಣಿ ಇಲ್ಲದಿದ್ದರೆ ಡಿಕ್ಲೇರರ್ (ತನ್ನ ಮತ್ತು ಜೊತೆಗಾರನ ಎರಡೂ ಕೈ ಆಡುವವರು) ಏನು ಮಾಡಬೇಕು: ಫಿನೆಸ್ಸೋ, ಎಕ್ಕ-ರಾಜ ಹೊಡೆಯೋದೋ?

ಫಿನೆಸ್ ಅಂದರೆ ರಾಣಿ ಮೊದಲು ಆಡುವ ಎದುರಾಳಿಯ ಹತ್ತಿರ ಇದೆ ಅಂತ ನಂಬಿ, ರಾಜನ ಬದಲು ಗುಲಾಮ ಹಾಕಿ ಗೆಲ್ಲಲು ನೋಡೋದು. ಸಾಮಾನ್ಯ ಲೆಕ್ಕ ಹೀಗಿದೆ: ಎರಡೂ ಕೈ ಸೇರಿ ಆ ಸೂಟ್‌ನ 8 ಎಲೆ ಇದ್ದರೆ ಫಿನೆಸ್, 9 ಇದ್ದರೆ ಎಕ್ಕ-ರಾಜ ಹೊಡೆದು ರಾಣಿ ಬೀಳುತ್ತಾ ನೋಡಿ. ಆದರೆ ಇದನ್ನು ಕಣ್ಣುಮುಚ್ಚಿ ನಂಬಬೇಡಿ. 9 ಎಲೆ ಇದ್ದಾಗ ಎರಡು ದಾರಿಗಳ ನಡುವಿನ ವ್ಯತ್ಯಾಸ ಸುಮಾರು 2 ಪರ್ಸೆಂಟ್ ಅಷ್ಟೇ. ಸಣ್ಣ ಸುಳಿವು ಸಿಕ್ಕರೂ ಲೆಕ್ಕ ತಿರುಗುತ್ತದೆ.

ಡಮ್ಮಿಯಲ್ಲಿ (ಮೇಜಿನ ಮೇಲೆ ತೆರೆದಿಟ್ಟ ಜೊತೆಗಾರನ ಕೈಯಲ್ಲಿ) ಎಕ್ಕ, ರಾಜ, ಗುಲಾಮ, 10, 5 ಇದೆ, ನಿಮ್ಮ ಕೈಯಲ್ಲಿ ನಾಲ್ಕು ಚಿಕ್ಕ ಎಲೆ ಅಂದುಕೊಳ್ಳಿ. ಬಲಗಡೆಯ ಎದುರಾಳಿ ಬಿಡ್ಡಿಂಗ್‌ನಲ್ಲಿ (ಆಟಕ್ಕೆ ಮೊದಲಿನ ಹರಾಜಿನಲ್ಲಿ) 7 ಹಾರ್ಟ್ ತೋರಿಸಿದ್ದಾರೆ, ಎಡಗಡೆ ಇರೋದು 2. ಅಂದರೆ 13 ಎಲೆಗಳಲ್ಲಿ ಬಲಗಡೆ ಬೇರೆ ಸೂಟ್‌ಗಳಿಗೆ ಉಳಿದ ಜಾಗ 6, ಎಡಗಡೆ 11. ರಾಣಿ ಎಡಗಡೆ ಇರೋ ಸಾಧ್ಯತೆನೇ ಜಾಸ್ತಿ ಅಲ್ವಾ? ಮೊದಲು ಎಕ್ಕ ಆಡಿ. ಒಂಟಿ ರಾಣಿ ಇದ್ದರೆ ಆಗಲೇ ಬೀಳುತ್ತದೆ. ಆಮೇಲೆ ಕೈಗೆ ಬಂದು, ಚಿಕ್ಕ ಎಲೆ ಆಡಿ ಫಿನೆಸ್ ಮಾಡಿ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ನಿಮಗೆ ಈ ಸೂಟ್‌ನಲ್ಲಿ ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಒಂದು ಸುತ್ತಿನ ಗೆಲುವು) ಬೇಕು? ನನ್ನ ಮಟ್ಟಿಗೆ ಯೋಚನೆ ಇಲ್ಲಿಂದಲೇ ಶುರುವಾಗಬೇಕು. ನೋಟ್ರಂಪ್‌ನಲ್ಲಿ (ತುರುಪು ಇಲ್ಲದ ಆಟದಲ್ಲಿ) 4 ಸಾಕು, ಎಡಗಡೆಯವರ ಹತ್ತಿರ ಗೆಲ್ಲೋ ಎಲೆಗಳು ಕಾದು ಕೂತಿವೆ ಅನ್ನಿ. ಆಗ ಅವರ ಕೈಗೆ ಆಟ ಹೋಗಲೇಬಾರದು. ಎಕ್ಕ ಆಡಿ ಫಿನೆಸ್ ಮಾಡಿ. ಸೋತರೂ ಟ್ರಿಕ್ ಹೋಗೋದು ಬಲಗಡೆಗೆ. ಸುಮ್ನೆ ಎಕ್ಕ-ರಾಜ ಹೊಡೆದರೆ ಎಡಗಡೆ ರಾಣಿ ಸೇರಿ ಮೂರೆಲೆ ಇದ್ದಾಗ ಆ ರಾಣಿ ಗೆದ್ದು ಕಾಂಟ್ರಾಕ್ಟ್ (ಗೆಲ್ಲುತ್ತೇವೆ ಅಂತ ಒಪ್ಪಿದ ಟ್ರಿಕ್‌ಗಳ ಲೆಕ್ಕ) ಮುಳುಗಬಹುದು.