ನವನಗರದಲ್ಲಿ ನಿಂತ ಓಟ

ಪ್ರಶ್ನೆ: ಅಕ್ಕಾ, ನಾನು ಧಾರವಾಡದವಳು. ವಯಸ್ಸು 39, ಶಾಲೆಯಲ್ಲಿ ಟೀಚರ್. ನಾಲ್ಕು ತಿಂಗಳಿಂದ ಬೆಳಿಗ್ಗೆ ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಓಡುತ್ತಿದ್ದೇನೆ. 6 ಕಿಲೋಮೀಟರಿಗೆ 48 ನಿಮಿಷ ಹಿಡಿಯುತ್ತದೆ. ಮಕ್ಕಳಿಗೆ ಗಾಂಧೀಜಿ ಪಾಠ ಮಾಡಲು, ಅವರನ್ನು ರೈಲಿನಿಂದ ಇಳಿಸಿದ, ದಕ್ಷಿಣ ಆಫ್ರಿಕಾದ ಪೀಟರ್‌ಮರಿಟ್ಸ್‌ಬರ್ಗ್ ಸ್ಟೇಷನ್ನಿನ ಫೋಟೋ ಹುಡುಕುತ್ತಿದ್ದೆ. ಆಗ ಆ ಊರಿಗೂ ಡರ್ಬನ್ನಿಗೂ ನಡುವೆ ನಡೆಯುವ ಕಾಮ್ರೇಡ್ಸ್ ಎಂಬ ಅತಿ ದೂರದ ಓಟದ ವಿಡಿಯೋ ಕಣ್ಣಿಗೆ ಬಿತ್ತು. ಕೊನೆಯಲ್ಲಿ ಕುಂಟುತ್ತಾ ಬರುವವರನ್ನು ನೋಡಿ ಅತ್ತುಬಿಟ್ಟೆ. 45 ತುಂಬುವುದರೊಳಗೆ ನಾನೂ ಅಲ್ಲಿ ಓಡಬೇಕು ಅಂದುಕೊಂಡೆ. ನಾದಿನಿಯ ಕುಬಸದ ದಿನ ಬಾಯಿತಪ್ಪಿ ಹೇಳಿದೆ. ಎಲ್ಲರೂ ನಕ್ಕರು. ನಮ್ಮ ಮನೆಯವರು, "ಮೊದ್ಲ ಕೆಲಗೇರಿ ಕೆರಿ ಸುತ್ತ ಹಾಕು, ಆಮ್ಯಾಲ ಆಫ್ರಿಕಾ ನೋಡೋಣಂತ" ಅಂದರು. ಅತ್ತೆ ಮಾತ್ರ ನಗಲಿಲ್ಲ. "ಅಷ್ಟ್ ದೂರ ಓಡಿದ್ರ ದಾರ್ಯಾಗ ಹೊಟ್ಟಿಗೇನ ತಿಂತೀ?" ಅಂತ ಕೇಳಿದರು. ಸಿಟ್ಟಿಗೆ ಮುಂದಿನ ಭಾನುವಾರ ಹುಬ್ಬಳ್ಳಿತನಕ ಓಡೇಬಿಡ್ತೀನಿ ಅಂತ ಹೊರಟೆ. ನವನಗರದ ಹತ್ತಿರ ಮೊಣಕಾಲು ಹಿಡಿದುಕೊಂಡಿತು. ಚಿಗರಿ ಬಸ್ ಹತ್ತಿ ವಾಪಸ್ ಬಂದೆ. ಮೂರು ವಾರದಿಂದ ಓಡಿಲ್ಲ. ದೊಡ್ಡ ಆಸೆ ಇಟ್ಟುಕೊಂಡಿದ್ದೇ ತಪ್ಪಾ? ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ ತಂಗಿ. ಆಸೆ ದೊಡ್ಡದಾಗಿದ್ದಕ್ಕೆ ಮೊಣಕಾಲು ನೊಂದಿಲ್ಲ. ಆರು ವರ್ಷಕ್ಕೆ ಹಂಚಬೇಕಾದ ಆಸೆಯನ್ನು ನೀವು ಒಂದು ಭಾನುವಾರಕ್ಕೆ ತುರುಕಿದಿರಿ. ಅದೂ ನಿಮಗಾಗಿ ಅಲ್ಲ, ನಕ್ಕವರಿಗಾಗಿ. ಆ ದಿನ ನೀವು ಓಡಿದ್ದು ಡರ್ಬನ್ ದಾರಿಯಲ್ಲಿ ಅಲ್ಲ, ಕುಬಸದ ಮನೆಯ ಪಡಸಾಲೆಯಲ್ಲೇ ಓಡುತ್ತಿದ್ದಿರಿ.

ಮೊದಲು ಮೊಣಕಾಲು. ಮೂರು ವಾರ ಕಳೆದರೂ ಮೆಟ್ಟಿಲು ಇಳಿಯುವಾಗ ನೋಯುತ್ತಿದ್ದರೆ ಮೂಳೆ ಡಾಕ್ಟರಿಗೆ ಅಥವಾ ಫಿಸಿಯೋಥೆರಪಿಸ್ಟಿಗೆ ಈ ವಾರವೇ ತೋರಿಸಿ. ಎಣ್ಣೆ ತಿಕ್ಕಿ ಕಾಯುತ್ತಾ ಕೂರಬೇಡಿ. ಹಾಗೇ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ. ನಮ್ಮ ಹೆಂಗಸರಲ್ಲಿ ರಕ್ತ ಕಡಿಮೆ ಇರುವುದು ಜಾಸ್ತಿ. ಎಷ್ಟೋ ಜನ ಅದನ್ನು ಸುಮ್ನೆ ಸುಸ್ತು ಅಂದುಕೊಂಡು ತಳ್ಳುತ್ತಿರುತ್ತಾರೆ.

ಓಡಲು ಹೊಸದಾಗಿ ಶುರು ಮಾಡಿದವರಿಗೆ ಮೊದಲ ಕೆಲವು ತಿಂಗಳಲ್ಲೇ ಅಪಾಯ ಹೆಚ್ಚು. ನಾನು 44ಕ್ಕೆ ಓಡಲು ಶುರು ಮಾಡಿದವಳು, ನನಗೂ ನಾಲ್ಕನೇ ತಿಂಗಳಲ್ಲೇ ಹಿಮ್ಮಡಿ ನೋವು ಬಂತು. ಉಸಿರು ಬೇಗ ಪಳಗುತ್ತದೆ. ಕೆಲವೇ ವಾರದಲ್ಲಿ ಎದೆ ಹಗುರಾಗುತ್ತದೆ, ಇನ್ನೂ ಓಡಬಲ್ಲೆ ಅನಿಸುತ್ತದೆ. ಆದರೆ ಮೂಳೆ, ಸ್ನಾಯುರಜ್ಜು ಗಟ್ಟಿಯಾಗಲು ಎಷ್ಟೋ ತಿಂಗಳು ಬೇಕು. ಹುರುಪಿನ ಹೋರಿ ಅಂತ ಯಾವ ರೈತನೂ ಮೊದಲ ವರ್ಷವೇ ಅದರ ಹೆಗಲಿಗೆ ಪೂರ್ತಿ ಹೊಲ ಹಾಕುವುದಿಲ್ಲ, ಅಲ್ವಾ? ನೀವು 6 ಕಿಲೋಮೀಟರಿನಿಂದ ಒಂದೇ ಜಿಗಿತಕ್ಕೆ ಅದರ ಎರಡರಷ್ಟಕ್ಕೆ ಹೋದಿರಿ. ಅದೂ ಟಾರು ರಸ್ತೆಯಲ್ಲಿ, ಸಿಟ್ಟಿನ ವೇಗದಲ್ಲಿ.

ಈಗ ನಿಮ್ಮ ಕಾಮ್ರೇಡ್ಸ್. ದೂರ ಹೆಚ್ಚುಕಡಿಮೆ 88 ಕಿಲೋಮೀಟರ್, ಸಮಯ 12 ಗಂಟೆ. ಗಂಟೆ ಮುಗಿದ ಕ್ಷಣ ಗುಂಡು ಹಾರಿಸುತ್ತಾರೆ. ಆಮೇಲೆ ಬಂದವರಿಗೆ ಪದಕ ಇಲ್ಲ. 1921ರಲ್ಲಿ ಮೊದಲ ಓಟಕ್ಕೆ ಹೊರಟವರು 34 ಜನ, ಮುಟ್ಟಿದವರು 16. ಹೆಂಗಸರನ್ನು ಅಧಿಕೃತವಾಗಿ ಸೇರಿಸಿಕೊಂಡಿದ್ದು 1975ರಲ್ಲಿ. ಲೆಕ್ಕ ಹಾಕಿ ನೋಡಿ: 12 ಗಂಟೆಯಲ್ಲಿ ಮುಗಿಸಲು ಕಿಲೋಮೀಟರಿಗೆ ಸುಮಾರು 8 ನಿಮಿಷ. ನೀವು ಈಗ ಕ್ಯಾಂಪಸ್ಸಿನಲ್ಲಿ ಓಡುವ ವೇಗ ಅದೇ! ಆ ದಿನಕ್ಕೆ ಬೇಕಾದ ವೇಗ ಆಗಲೇ ನಿಮ್ಮ ಕಾಲಲ್ಲಿದೆ. ಇಲ್ಲದಿರುವುದು ಅದೇ ವೇಗವನ್ನು ಏರಿನಲ್ಲೂ ಇಳಿಜಾರಿನಲ್ಲೂ ಹನ್ನೆರಡು ಗಂಟೆ ಹಿಡಿದಿಡುವ ತಾಕತ್ತು. ಅದು ವರ್ಷಗಳಲ್ಲಿ ಮಾತ್ರ ಬರುತ್ತದೆ.

ಅಲ್ಲಿಗೆ ಸೇರಿಸಿಕೊಳ್ಳಲು ಮೊದಲು ಒಂದು ಪೂರ್ತಿ ಮ್ಯಾರಥಾನ್, ಅಂದರೆ 42.195 ಕಿಲೋಮೀಟರನ್ನು ಐದು ಗಂಟೆಗಿಂತ ಸ್ವಲ್ಪ ಕಡಿಮೆ ಸಮಯದಲ್ಲಿ ಓಡಿ ತೋರಿಸಬೇಕು. ಕಿಲೋಮೀಟರಿಗೆ 7 ನಿಮಿಷದೊಳಗೆ ಅನ್ನಿ. ಹಾಗಾಗಿ ಈ ವರ್ಷ 10 ಕಿಲೋಮೀಟರ್ ಸಾಕು. ಬೆಂಗಳೂರಿನ 10ಕೆ ಓಟಕ್ಕೆ ಹೋಗಿಬನ್ನಿ, ಸಾವಿರಾರು ಜನರ ನಡುವೆ ಓಡುವುದು ಹೇಗಿರುತ್ತದೆ ಅಂತ ಗೊತ್ತಾಗಲಿ. ಮುಂದಿನ ವರ್ಷ ಹಾಫ್ ಮ್ಯಾರಥಾನ್. ಮೂರನೇ ವರ್ಷ ಜನವರಿಯಲ್ಲಿ ಮುಂಬೈ ಮ್ಯಾರಥಾನ್, ಅದೂ ಸುಮ್ನೆ ಮುಗಿಸಲು. ವೇಗದ ಮಾತು ನಾಲ್ಕನೇ ವರ್ಷಕ್ಕಿರಲಿ. ಅಲ್ಲಿಯವರೆಗೆ ಪಕ್ಕದವರ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನವಾಗಿಯೇ ಓಡಿ. ಧಾರವಾಡದ ಏರಿಳಿತ ನಿಮಗೆ ಪುಕ್ಕಟೆ ಸಿಕ್ಕ ಕೋಚ್. ಕಾಮ್ರೇಡ್ಸ್ ಗುಡ್ಡಗಳ ದಾರಿ. ತೊಡೆಯನ್ನು ಮುರಿಯುವುದು ಏರಿಗಿಂತ ಇಳಿಜಾರು.

ಒಂದು ಕಷ್ಟ ಮೊದಲೇ ಹೇಳಿಬಿಡುತ್ತೇನೆ. ಓಟ ನಡೆಯುವುದು ಜೂನ್ ಹೊತ್ತಿಗೆ. ಅಂದರೆ ಅತಿ ದೂರದ ಅಭ್ಯಾಸ ಮಾರ್ಚ್‌ನಿಂದ ಮೇ ತನಕ, ನಮ್ಮ ಕಡು ಬೇಸಿಗೆಯಲ್ಲಿ. ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಡಬೇಕಾಗುತ್ತದೆ. ಕತ್ತಲಲ್ಲಿ ಒಬ್ಬರೇ ಹೋಗಬೇಡಿ, ಈಗಿನಿಂದಲೇ ಜೊತೆಗೆ ಇಬ್ಬರು ಹೆಂಗಸರನ್ನು ಹುಡುಕಿಕೊಳ್ಳಿ. ಮನೆಯವರ ನಗುವಿನ ಹಿಂದೆ ಈ ಚಿಂತೆಯೂ ಇರಬಹುದು ಅನಿಸುತ್ತದೆ ನನಗೆ. ದುಡ್ಡಿನ ಚಿಂತೆಯೂ ಇರಬಹುದು. ವಿಮಾನ, ವೀಸಾ, ಅಲ್ಲಿನ ವಾಸ ಎಲ್ಲಾ ಸೇರಿ ಟೀಚರ್ ಸಂಬಳಕ್ಕೆ ಸಣ್ಣ ಮೊತ್ತವಲ್ಲ. ನಾಲ್ಕು ಜನರ ಮುಂದೆ ಅದನ್ನು ಹೇಳಲಾಗದೆ ಕೆಲಗೇರಿ ಕೆರೆ ಅಂದರೋ ಏನೋ. ಹಾಗಂತ ಆ ಮಾತು ಸರಿ ಅಂತ ನಾನು ಹೇಳುವುದಿಲ್ಲ. ಎಲ್ಲರೆದುರು ನಗಬಾರದಿತ್ತು. ನೊಂದಿದ್ದೇನೆ ಅಂತ ನೇರವಾಗಿ ಹೇಳಿ.

ಅದನ್ನು ಹೇಳಿದ ಮೇಲೆ ಕಾಮ್ರೇಡ್ಸ್ ಸುದ್ದಿ ಎತ್ತಬೇಡಿ. ಸಣ್ಣದೊಂದು ಕೇಳಿ: ಭಾನುವಾರ ಬೆಳಿಗ್ಗೆ ಎರಡು ತಾಸು. ಆ ಹೊತ್ತಿಗೆ ನಳದ ನೀರು ಬಂದರೆ ಅವರು ತುಂಬಿಕೊಳ್ಳಲಿ, ಚಹಾ ಅವರು ಮಾಡಲಿ. ಅಪ್ಪಣೆ ಕೇಳುವ ದನಿಯಲ್ಲಿ ಬೇಡ, ಮನೆಯ ಕೆಲಸ ಹಂಚಿಕೊಳ್ಳುವ ದನಿಯಲ್ಲಿ. ಭಿಶಿ ಚೀಟಿ ಹಾಕುತ್ತಿದ್ದರೆ ಅದರ ದುಡ್ಡು, ಇಲ್ಲದಿದ್ದರೆ ಒಂದು ಆರ್‌ಡಿ, ನಿಮ್ಮ ಹೆಸರಲ್ಲಿ ಇವತ್ತೇ ಶುರುವಾಗಲಿ. ಬಂಧುಗಳಿಗೆ ಏನೂ ಹೇಳಬೇಕಿಲ್ಲ. ಕೇಳಿದರೆ "ಓಡಾಕತ್ತೀನಿ" ಅಂದರೆ ಮುಗಿಯಿತು.

ಇನ್ನು ನಿಮ್ಮ ಅತ್ತೆ. ಆ ದಿನ ನಿಮ್ಮ ಓಟವನ್ನು ನಿಜ ಅಂತ ನಂಬಿ ಮಾತಾಡಿದವರು ಅವರೊಬ್ಬರೇ. ಅವರು ಕೇಳಿದ್ದು ಕೋಚ್ ಕೇಳುವ ಪ್ರಶ್ನೆ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ ಎರಡು ಮೂರು ತಾಸಿಗೆ ಬರಿದಾಗುತ್ತಾ ಬರುತ್ತದೆ. ಆಮೇಲೆ ತಿನ್ನುತ್ತಲೇ ಓಡಬೇಕು, ಅದನ್ನೂ ಅಭ್ಯಾಸ ಮಾಡಬೇಕು. ಇವತ್ತು ರಾತ್ರಿ ಅವರ ಹತ್ತಿರ ಕೂತು ಉತ್ತರ ಕೊಡಿ: ಆ ದಾರಿಯಲ್ಲಿ ಬಾಳೆಹಣ್ಣು ಕೊಡುತ್ತಾರೆ, ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ ಕೊಡುತ್ತಾರೆ. ಶೇಂಗಾ ಉಂಡಿ ಓಡುವಾಗ ಹೊಟ್ಟೆಗೆ ಭಾರ, ಓಡಿ ಬಂದ ಮೇಲೆ ಒಳ್ಳೆಯದು. ಮೊಣಕಾಲು ವಾಸಿಯಾದ ಮೊದಲ ಭಾನುವಾರಕ್ಕೆ ಕಟ್ಟಿಡಲು ಅವರಿಗೇ ಹೇಳಿ.