ಓದುಗರ ಪ್ರಶ್ನೆ: ಬುಟ್ಟಿಗೆ ಹಾಕಿದರೆ ಮುಗಿಯಿತೇ?

ಪ್ರಶ್ನೆ: ನಾಲ್ಕನೆಯ ತರಗತಿಯಲ್ಲಿ ಓದುವ ನನ್ನ ಮಗಳು ಕಸವನ್ನು ತಪ್ಪದೆ ಬುಟ್ಟಿಗೇ ಹಾಕುತ್ತಾಳೆ, ಅಲ್ಲಿಗೆ ತನ್ನ ಕೆಲಸ ಮುಗಿಯಿತೆಂದು ಭಾವಿಸುತ್ತಾಳೆ. ಚಿಪ್ಸ್, ಬಿಸ್ಕತ್ತಿನ ಪೊಟ್ಟಣಗಳು ಮಾತ್ರ ಕಡಿಮೆಯಾಗಿಲ್ಲ. ಕಸ ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ತಗ್ಗಿಸಬೇಕು ಎಂಬುದನ್ನು ಈ ವಯಸ್ಸಿನವರಿಗೆ ಹೇಗೆ ತಿಳಿಸಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಇದರಲ್ಲಿ ನಿಮ್ಮ ಮಗಳ ತಪ್ಪೇನೂ ಇಲ್ಲ, ಹಿರಿಯರಾದ ನಾವು ಮಕ್ಕಳಿಗೆ ಕಲಿಸಿರುವುದೇ ಬುಟ್ಟಿಯವರೆಗಿನ ಪಾಠವನ್ನು. ಒಂದು ವಾರದ ಒಣ ಕಸವನ್ನು ಗಾಡಿಗೆ ಕೊಡದೆ, ತೊಳೆದು ಒಣಗಿಸಿ ಚೀಲದಲ್ಲಿ ಕೂಡಿಡಿ. ಭಾನುವಾರ ಅದನ್ನು ಜಗಲಿಯ ಮೇಲೆ ಸುರಿದು, ಒಂದೊಂದೂ ಯಾವ ಅಂಗಡಿಯಿಂದ, ಯಾರ ಸಲುವಾಗಿ ಮನೆಗೆ ಬಂತೆಂದು ಅವಳೇ ವಿಂಗಡಿಸಲಿ. ನಿಮ್ಮ ಶಾಂಪೂ ಪೊಟ್ಟಣಗಳೂ ಅದರಲ್ಲಿ ಕಂಡರೆ ಮುಜುಗರ ಬೇಡ.

ಬಳಿಕ ಆ ರಾಶಿಯೊಡನೆ ಅವಳನ್ನು ಗುಜರಿ ಅಂಗಡಿಗೆ ಕರೆದೊಯ್ಯಿರಿ. ರಟ್ಟು, ಹಳೆಯ ಪತ್ರಿಕೆ, ಬಾಟಲಿಗಳು ತೂಕಕ್ಕೆ ಹೋಗುತ್ತವೆ. ಚಿಪ್ಸ್ ಪೊಟ್ಟಣ ಹೆಚ್ಚಾಗಿ ಮರಳಿ ಕೈಗೇ ಬರುತ್ತದೆ. ಪ್ಲಾಸ್ಟಿಕ್ ಪದರಗಳಿಗೆ ಅಲ್ಯುಮಿನಿಯಂನ ತೆಳು ಲೇಪ ಅಂಟಿಕೊಂಡಿರುವುದರಿಂದ ಅವನ್ನು ಬೇರ್ಪಡಿಸಿ ಮರುಬಳಸುವುದು ಬಲು ಕಷ್ಟವೆಂಬುದನ್ನು ಆ ಹೊತ್ತಿನಲ್ಲಿ ಹೇಳಿದರೆ ಅವಳಿಗೆ ತಟ್ಟನೆ ಅರ್ಥವಾಗುತ್ತದೆ.

ಹಳ್ಳಿಯಲ್ಲಿ ಅಜ್ಜನ ಮನೆಯಿದ್ದರೆ, ಬಾಳೆಲೆ, ಹಲಸಿನ ಸಿಪ್ಪೆ, ದರಕು (ಉದುರಿದ ಒಣ ಎಲೆ) ಎಲ್ಲವೂ ಗೊಬ್ಬರಗುಂಡಿಯ ಮೂಲಕ ಅಡಕೆ ತೋಟಕ್ಕೆ ಮರಳುವುದನ್ನು ತೋರಿಸಿ. ಅಲ್ಲಿ ಬಚ್ಚಲ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಬಳಸುವ ಅಭ್ಯಾಸವಿದ್ದರೆ, ಆ ಹೊಗೆ ವಿಷವೆಂದು ಅಜ್ಜನಿಗೂ ನಯವಾಗಿ ಹೇಳಬೇಕಾದೀತು. ನಿಮ್ಮ ಊರಿನ ಕಡೆ ಹುಟ್ಟುವ ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟಿನ ತಡೆಯಿಲ್ಲ. ಮಳೆಗಾಲದಲ್ಲಿ ಚರಂಡಿಯಿಂದ ಹಳ್ಳಕ್ಕಿಳಿದ ಪೊಟ್ಟಣ, ಜನರು ಬಳಚು ಎಂಬ ಚಿಪ್ಪುಜೀವಿಗಳನ್ನು ಹೆಕ್ಕಿ ಬದುಕುವ ಕುಮಟಾ ಕಡೆಯ ಅಳಿವೆಯನ್ನೂ ಮುಟ್ಟಬಹುದು. ರಜೆಯಲ್ಲಿ ಒಮ್ಮೆ ಆ ದಂಡೆಗೆ ಕರೆದೊಯ್ಯಿರಿ.

ಕಡಿಮೆ ಮಾಡುವಾಗ ಎಲ್ಲವನ್ನೂ ಒಟ್ಟಿಗೆ ನಿಷೇಧಿಸಬೇಡಿ. ರಾಶಿಯಲ್ಲಿ ಹೆಚ್ಚಿರುವ ಒಂದನ್ನು ಅವಳು ಆರಿಸಲಿ, ಇನ್ನೊಂದನ್ನು ನೀವು ಬಿಡಿ. ಶಾಲೆಯ ತಿಂಡಿಗೆ ಹಲಸಿನ ಹಪ್ಪಳ ಡಬ್ಬಿಯಲ್ಲಿ ಹೋಗಲಿ. ಬೇಕರಿಗೆ ಹೋಗುವಾಗ ಡಬ್ಬಿಯನ್ನು ಅವಳೇ ಹಿಡಿದುಕೊಳ್ಳಲಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧವಾಗಿರುವುದರಿಂದ, ಹುಟ್ಟುಹಬ್ಬಕ್ಕೆ ಅಡಕೆ ಹಾಳೆಯ ತಟ್ಟೆ ಸಾಕು. (ಅದನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾರುವವರಿದ್ದಾರೆ, ಬಿಡಿಯಾಗಿ ಕೇಳಿ.) ಎರಡನೆಯ ವಾರದ ಚೀಲವನ್ನು ತೂಗಬೇಡಿ, ಎಣಿಸಿ, ಪ್ಲಾಸ್ಟಿಕ್ ಹಗುರವಾದ್ದರಿಂದ ಹತ್ತು ಪೊಟ್ಟಣ ಕಡಿಮೆಯಾದರೂ ತಕ್ಕಡಿಗೆ ತಿಳಿಯುವುದಿಲ್ಲ.