ಬೆಂಕಿ ಆರಿದ ಮನೆಗೆ ಗಾರೆ ಮಾಡಿಸುವ ಮುನ್ನ

ಪ್ರಶ್ನೆ: ದಾವಣಗೆರೆಯಲ್ಲಿರುವ ನಮ್ಮ ಆರ್‌ಸಿಸಿ ಮನೆಯಲ್ಲಿ ಕಳೆದ ವಾರ ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿ ಅಡುಗೆಮನೆ ಮತ್ತು ಹಾಲ್ ಸುಟ್ಟಿವೆ. ಭಾರತ್ ಗೃಹ ರಕ್ಷಾ ವಿಮೆ ಇದೆ, ಗೃಹಸಾಲವೂ ಬಾಕಿ ಇದೆ. ನಷ್ಟ ಅಂದಾಜು ಮಾಡುವ ವಿಮಾ ಸರ್ವೇಯರ್ ಇನ್ನೂ ಬಂದಿಲ್ಲ. ‘ಉದುರಿದ ಕಡೆ ಗಾರೆ ಮಾಡಿ ಬಣ್ಣ ಹೊಡೆದರೆ ಸಾಕು’ ಎನ್ನುತ್ತಾರೆ ಮೇಸ್ತ್ರಿ. ಕೆಲಸ ಶುರು ಮಾಡಿಸಬಹುದೇ?

ಉತ್ತರ: ದಯವಿಟ್ಟು ಈಗಲೇ ಗಾರೆ ಮಾಡಿಸಬೇಡಿ. ಗಾರೆಯ ಅಡಿಯಲ್ಲಿ ನಿಮ್ಮ ನಷ್ಟದ ಸಾಕ್ಷ್ಯವೂ ಮುಚ್ಚಿಹೋಗುತ್ತದೆ, ಚಾವಣಿಯ ದೋಷವೂ ಮುಚ್ಚಿಹೋಗುತ್ತದೆ.

ಕಾಂಕ್ರೀಟ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದಾಗ, ಅದರಲ್ಲಿರುವ ಜಲ್ಲಿಯ ಗುಣವನ್ನು ಅವಲಂಬಿಸಿ, ನಸುಗೆಂಪು ಬಣ್ಣಕ್ಕೆ ತಿರುಗಬಹುದು; ಅಷ್ಟು ಕಾದ ಪದರದ ಬಲ ಕುಗ್ಗಿರುವ ಸಾಧ್ಯತೆಯಿದ್ದು, ತಣ್ಣಗಾದ ಮೇಲೂ ಅದು ಪೂರ್ತಿ ಮರಳುವುದಿಲ್ಲ. ಆದ್ದರಿಂದ ಅಡುಗೆಮನೆಯ ಚಾವಣಿಯಲ್ಲಿ ಸಿಮೆಂಟ್ ಉದುರಿ ಕಬ್ಬಿಣ ಕಾಣುತ್ತಿದ್ದರೆ, ಇಲ್ಲವೇ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಕಾಂಕ್ರೀಟನ್ನು ಒಡೆಯದೆ ಅದರ ಸ್ಥಿತಿ ನೋಡುವ ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆ, ಅಗತ್ಯವಿದ್ದರೆ ತುಂಡು ಕೊರೆದು ತೆಗೆದು ನೋಡುವ ಕೋರ್ ಪರೀಕ್ಷೆಯನ್ನೂ ಮಾಡಿಸಿ. ಅಲ್ಲಿಯವರೆಗೆ ಆ ಚಾವಣಿಯ ಕೆಳಗೆ ಯಾರೂ ಓಡಾಡದಿರಲಿ. ನಿಮ್ಮ ಪಾಲಿಸಿಯಲ್ಲಿ ಆರ್ಕಿಟೆಕ್ಟ್, ಎಂಜಿನಿಯರ್ ಮುಂತಾದವರ ಶುಲ್ಕಕ್ಕೆ ಕ್ಲೇಮ್ ಮೊತ್ತದ ಶೇ 5ರವರೆಗೆ, ಅವಶೇಷ ತೆರವಿಗೆ ಶೇ 2ರವರೆಗೆ ಅವಕಾಶವಿದೆ; ಬಿಲ್‌ಗಳನ್ನು ಜೋಪಾನವಾಗಿಡಿ.

ಹಾಗೆಂದು ಕೈಕಟ್ಟಿ ಕುಳಿತುಕೊಳ್ಳುವಂತೆಯೂ ಇಲ್ಲ, ಏಕೆಂದರೆ ನಷ್ಟ ಹೆಚ್ಚಾಗದಂತೆ ತಡೆಯುವುದು ವಿಮೆ ಪಡೆದವರ ಕರ್ತವ್ಯ. ಒಡೆದ ಕಿಟಕಿಗೆ ತಾಡಪಾಲು ಕಟ್ಟಿ, ನಿಂತ ನೀರನ್ನು ಹೊರಹಾಕಿ, ಎಲೆಕ್ಟ್ರಿಷಿಯನ್ ಪರಿಶೀಲಿಸುವವರೆಗೆ ಮೇನ್ ಸ್ವಿಚ್ ಆಫ್ ಇರಲಿ. ಇದಕ್ಕೆ ಮೊದಲು ಪ್ರತಿ ಕೋಣೆಯ ಫೋಟೊ, ವಿಡಿಯೊ ತೆಗೆದಿಡಿ. ಸುಟ್ಟ ಫ್ರಿಜ್, ಕರಗಿದ ಸ್ವಿಚ್‌ಬೋರ್ಡ್‌ಗಳನ್ನು ಗುಜರಿಗೆ ಕೊಡಬೇಡಿ. ಗೋಡೆಯ ಮಸಿಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದರೆ ಅದು ಇನ್ನಷ್ಟು ಒಳಗಿಳಿಯುತ್ತದೆ. ಪಿವಿಸಿ ವೈರ್ ಸುಟ್ಟಾಗ ಏಳುವ ಹೊಗೆಯಲ್ಲಿ ಆಮ್ಲದ ಅಂಶವಿದ್ದು ಅದು ಲೋಹವನ್ನು ತಿನ್ನುವುದರಿಂದ, ಬೆಂಕಿ ತಗುಲದ ಟಿವಿ, ಮಿಕ್ಸಿಗಳನ್ನೂ ತಪಾಸಣೆಯಿಲ್ಲದೆ ಬಳಸಬೇಡಿ.

ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿದ್ದೀರಾ ಎಂಬುದನ್ನು ಖಚಿತಪಡಿಸಿಕೊಳ್ಳಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ 2024ರ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನಗಳೊಳಗೆ ಅವರ ವರದಿ ಸಲ್ಲಿಕೆಯಾಗಬೇಕು. ಅಗ್ನಿಶಾಮಕ ಠಾಣೆಯ ವರದಿಗೂ ಅರ್ಜಿ ಹಾಕಿ. ಬ್ಯಾಂಕಿಗೆ ಇಂದೇ ಪತ್ರ ಬರೆಯಿರಿ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಪರಿಹಾರದ ಹಣ ಮೊದಲು ಅಲ್ಲಿಗೇ ಹೋಗುತ್ತದೆ, ದುರಸ್ತಿಗೆ ಅದನ್ನು ಬಿಡುಗಡೆ ಮಾಡಿಸಿಕೊಳ್ಳುವ ಮಾತುಕತೆ ತಡವಾಗಬಾರದು.

ಸರ್ವೇಯರ್ ಬಂದಾಗ ಎಂಜಿನಿಯರ್‌ರನ್ನೂ ಜೊತೆಗಿರಿಸಿಕೊಳ್ಳಿ. ಮನೆ ವಾಸಕ್ಕೆ ಯೋಗ್ಯವಲ್ಲವೆಂದು ಆರ್ಕಿಟೆಕ್ಟ್ ಅಥವಾ ಸ್ಥಳೀಯ ಆಡಳಿತ ಪ್ರಮಾಣಪತ್ರ ಕೊಟ್ಟರೆ ಬದಲಿ ಮನೆಯ ಬಾಡಿಗೆಯನ್ನೂ ಈ ಪಾಲಿಸಿಯಡಿ ಕೇಳಬಹುದು. ಇದನ್ನು ಕೇಳದೆ ಬಿಡುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಮಂಜೂರಾದ ಮೊತ್ತ ಒಪ್ಪಿಗೆಯಾಗದಿದ್ದರೆ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಸರಿಯಾದ ಉತ್ತರ ಸಿಗದಿದ್ದರೆ, 50 ಲಕ್ಷ ರೂಪಾಯಿವರೆಗಿನ ಪರಿಹಾರಕ್ಕಾಗಿ ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು.